ಪೇಟೆಯ ಊರು, ಪೇಟೆಯ ಹೊತ್ತಗೆ

ಪಶ್ಚಿಮ ಆಫ್ರಿಕದ ನೈಜರ್ ನದಿಯ ಪೂರ್ವದಡದಲ್ಲಿ ಒನಿಚಾ ಎಂಬ ಊರೊಂದಿದೆ. ಇಂಗ್ಲಿಷರು ಅದರ ಹೆಸರನ್ನು ಬರೆದ ರೀತಿಯಿಂದಾಗಿ ಭೂಪಟದಲ್ಲಿ ‘ಒನಿತ್ಸಾ’ ಎಂದು ಓದುವವರೇ ಹೆಚ್ಚು. ಅಲ್ಲಿಯವರ ಬಾಯಲ್ಲಿ ಅದು ಒನಿಚಾ. ನಾನು ಆ ಊರನ್ನು ಕಣ್ಣಾರೆ ಕಂಡವನಲ್ಲ, ಪುಸ್ತಕಗಳಲ್ಲಿ ಕಂಡವನು. ಅದೂ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬಗೆಯ ಪುಸ್ತಕಗಳಲ್ಲಿ. ಒಂದು, ನೊಬೆಲ್ ಬಹುಮಾನ ಪಡೆದ ಫ್ರೆಂಚ್ ಲೇಖಕರೊಬ್ಬರ ಕಾದಂಬರಿ. ಇನ್ನೊಂದು, ಚಿನುವಾ ಅಚಿಬೆಯವರು ಮಕ್ಕಳಿಗಾಗಿ ಬರೆದ ಪುಟ್ಟ ಕಥೆ. ಮೂರನೆಯದಕ್ಕೆ ಒಬ್ಬ ಕರ್ತೃ ಎಂಬುದಿಲ್ಲ. ಅದು ಆ ಊರಿನ ಪೇಟೆಯಲ್ಲಿಯೇ ಬರೆದು, ಪೇಟೆಯ ಪಕ್ಕದ ಬೀದಿಯಲ್ಲಿ ಅಚ್ಚುಹಾಕಿ, ಬಟ್ಟೆ ಪಾತ್ರೆಗಳ ನಡುವೆ ಮಾರಿದ ಅಗ್ಗದ ಹೊತ್ತಗೆಗಳ ರಾಶಿ. ಈ ಮೂರರಲ್ಲಿ ಊರು ಯಾವುದರಲ್ಲಿ ಸಿಕ್ಕಿದೆ ಎಂಬುದು ನನ್ನ ಪ್ರಶ್ನೆ. ಚೆನ್ನಾಗಿ ಬರೆದ ಪುಸ್ತಕದಲ್ಲಿ ಊರೂ ಚೆನ್ನಾಗಿ ಸಿಕ್ಕಲೇಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಮೊದಲು ಊರಿನ ಇರವನ್ನು ತಿಳಿಯೋಣ. ನೈಜರ್ ನದಿ ಗಿನಿ ದೇಶದ ಬೆಟ್ಟಗಳಲ್ಲಿ ಹುಟ್ಟಿ, ಕಡಲಿಗೆ ಬೆನ್ನು ಹಾಕಿ, ಮರುಭೂಮಿಯ ಅಂಚಿನವರೆಗೂ ಹೋಗಿ, ಅಲ್ಲಿ ಮನಸ್ಸು ಬದಲಾಯಿಸಿದಂತೆ ತೆಂಕಣಕ್ಕೆ ತಿರುಗುತ್ತದೆ. ಅದು ನೂರಾರು ಕವಲಾಗಿ ಒಡೆದು ಸಮುದ್ರ ಸೇರುವುದಕ್ಕೆ ಕೊಂಚ ಮೊದಲು, ಇನ್ನೂ ಒಂದೇ ಹರಹಾಗಿ ಹರಿಯುವ ಕಡೆಯಲ್ಲಿ ಒನಿಚಾ ಇದೆ. ನದಿಯ ಮೇಲ್ಗಡೆಗೆ ಜೋಳ ಸಜ್ಜೆಗಳ ಬಯಲು, ದನಕರುಗಳ ನಾಡು. ಕೆಳಗಡೆಗೆ ಜೌಗು, ಮೀನು, ಉಪ್ಪು. ಬೆನ್ನ ಹಿಂದೆ ಯಾಮ್ ಎಂಬ ದೊಡ್ಡ ಗೆಡ್ಡೆಯನ್ನೂ ತಾಳೆಯೆಣ್ಣೆಯನ್ನೂ ಕಳಿಸುವ ಇಗ್ಬೊ ನಾಡು. ಎದುರುದಡದಲ್ಲಿ ಅಸಾಬಾ ಪಟ್ಟಣ. ಇಂಥ ನೆಲದಲ್ಲಿ ಸಂತೆ ಹುಟ್ಟದಿದ್ದರೆ ಆಶ್ಚರ್ಯಪಡಬೇಕಾಗಿತ್ತು. ಇಗ್ಬೊ ಜನರ ವಾರಕ್ಕೆ ನಾಲ್ಕೇ ದಿನ. ಆ ನಾಲ್ಕು ದಿನಗಳ ಹೆಸರಿನಿಂದಲೇ ಸಂತೆಗಳನ್ನೂ ಕರೆಯುತ್ತಾರೆ. ಮಳೆಗಾಲದ ಕೊನೆಗೆ ನದಿ ಉಕ್ಕಿ ದಡದ ಸಂತೆಯ ಕಾಲಿಗೆ ಬರುತ್ತದೆ. ಡಿಸೆಂಬರ್ ಜನವರಿಯಲ್ಲಿ ನೀರು ಇಳಿದು ಮರಳದಿಣ್ಣೆಗಳು ಏಳುತ್ತವೆ. ಸಹಾರಾದ ಕಡೆಯಿಂದ ಬೀಸುವ ಹರ್ಮಟಾನ್ ಎಂಬ ಧೂಳುಗಾಳಿಯಲ್ಲಿ ಆಚೆಯ ದಡ ಮಸುಕಾಗಿ ತುಟಿಗಳು ಒಡೆಯುತ್ತವೆ.

ಊರಿನ ಹಳೆಯ ನಿವಾಸಿಗಳು ನದಿಯಿಂದ ಒಳಗೆ, ಏರಿನ ಮೇಲೆ ಇದ್ದವರು. ತಾವು ನದಿಯಾಚೆಯ ಬೆನಿನ್ ರಾಜ್ಯದ ಕಡೆಯಿಂದ ಬಂದವರೆಂದು ಅವರ ಹೇಳಿಕೆ. ಅವರಿಗೆ ‘ಓಬಿ’ ಎಂಬ ಬಿರುದಿನ ಅರಸನುಂಟು. ಸುತ್ತಲಿನ ಇಗ್ಬೊ ನಾಡಿನವರನ್ನು ಅವರು ತಮ್ಮವರೆಂದು ಎಣಿಸುತ್ತಿರಲಿಲ್ಲ. ಭಾಷೆ ಒಂದೇ ಆದರೂ ‘ಇಗ್ಬೊ’ ಎಂಬುದು ಅವರ ಬಾಯಲ್ಲಿ ಹೊರಗಿನವನಿಗೆ ಇಟ್ಟ ಹೆಸರಾಗಿತ್ತು. 1857ರಲ್ಲಿ ಕ್ರೈಸ್ತ ಮತವನ್ನು ಅಲ್ಲಿಗೆ ತಂದವರನ್ನು ನೋಡಿ: ಸ್ಯಾಮ್ಯುಯೆಲ್ ಕ್ರೌದರ್ ಯೊರುಬಾ ಜನದವರು, ಬಾಲ್ಯದಲ್ಲಿ ಗುಲಾಮರ ಹಡಗಿನಿಂದ ಬಿಡುಗಡೆಯಾದವರು, ಅವರು ಅಲ್ಲಿ ನಿಲ್ಲಿಸಿಹೋದ ಜೆ. ಸಿ. ಟೇಲರ್, ಬಿಡುಗಡೆ ಹೊಂದಿದ ಇಗ್ಬೊ ದಂಪತಿಗಳಿಗೆ ಸಿಯೆರಾ ಲಿಯೋನ್‌ನಲ್ಲಿ ಹುಟ್ಟಿದವರು. ಅದೇ ವರ್ಷ ಬಿಳಿಯರ ವ್ಯಾಪಾರದ ಕೊಠಿಯೂ ಬಂದಿತು. ಆಮೇಲೆ ಹೌಸಾ, ನೂಪೆ, ಇಗಾಲಾ, ಇಜೊ, ಯೊರುಬಾ ಜನರೆಲ್ಲ ಬಂದು, ದಡದ ಕೆಳಪೇಟೆಯಲ್ಲಿ ಯಾರ ಊರೂ ಅಲ್ಲದ, ಎಲ್ಲರ ಲೆಕ್ಕಪತ್ರವೂ ಇದ್ದ ಒಂದು ಹೊಸ ಊರು ಬೆಳೆಯಿತು. ಅಲ್ಲಿ ಹೆಂಗಸರದೇ ದೊಡ್ಡ ಕೈ. ಹತ್ತಿರದ ಒಸೊಮಾರಿಯಿಂದ ಬಂದ ಓಮು ಒಕ್ವೆಯಿ ಎಂಬಾಕೆ ತಾಳೆಯೆಣ್ಣೆಯ ವ್ಯಾಪಾರದಿಂದ ಎದ್ದು, ಕಂಪೆನಿಯವರಿಗೇ ಸರಿಸಮನಾಗಿ ನಿಂತು, 1943ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದಂತಕಥೆಯಾಗಿದ್ದಳು. ಇಂಥ ಊರಿನವನು ಹೇಗಿರುತ್ತಾನೆಂಬುದಕ್ಕೆ ನೈಜೀರಿಯದ ಮೊದಲ ಅಧ್ಯಕ್ಷ ನ್ನಾಮ್ಡಿ ಅಜಿಕಿವೆಯವರೇ ಸಾಕ್ಷಿ. ಒನಿಚಾ ಮನೆತನದ ಈ ಹುಡುಗ ಉತ್ತರದ ಜುಂಗೇರುವಿನಲ್ಲಿ ಹುಟ್ಟಿ ಹೌಸಾ ಭಾಷೆಯಲ್ಲಿ ಹರಳು ಹುರಿದಂತೆ ಮಾತಾಡುತ್ತಿದ್ದುದನ್ನು ಕಂಡು ಗಾಬರಿಯಾದ ತಂದೆ, ಸ್ವಂತ ಭಾಷೆ ಕಲಿಯಲೆಂದು ಅವನನ್ನು ಒನಿಚಾದ ಅಜ್ಜಿಯ ಬಳಿಗೆ ಕಳಿಸಿದರಂತೆ.

ಈಗ ಪುಸ್ತಕಗಳಿಗೆ ಬರೋಣ. ಜೆ. ಎಂ. ಜಿ. ಲೆ ಕ್ಲೆಜಿಯೊ ಅವರ ‘ಒನಿಚಾ’ ಕಾದಂಬರಿ ಪ್ರಕಟವಾದುದು 1991ರಲ್ಲಿ. 1948ರಲ್ಲಿ ಫಿಂತಾನ್ ಎಂಬ ಹುಡುಗ ತಾಯಿಯೊಡನೆ ಹಡಗು ಹತ್ತಿ, ತಾನು ಎಂದೂ ನೋಡದ ತಂದೆಯನ್ನು ಸೇರಲು ಆಫ್ರಿಕಕ್ಕೆ ಹೊರಡುತ್ತಾನೆ. ತಂದೆ ಕಂಪೆನಿಯ ನೌಕರ. ಆತನ ಮನಸ್ಸೆಲ್ಲ ಪ್ರಾಚೀನ ಮೆರೋಯೆಯ ರಾಣಿ ತನ್ನ ಜನರನ್ನು ಕರೆದುಕೊಂಡು ಮರುಭೂಮಿ ದಾಟಿ ಈ ನದಿಗೆ ಬಂದಳೆಂಬ ಕನಸಿನಲ್ಲಿ ಮುಳುಗಿದೆ. ಪುಸ್ತಕದ ಬರವಣಿಗೆ ಬಹಳ ಸೊಗಸು. ಮಳೆ ಬರುವುದಕ್ಕೆ ಮೊದಲಿನ ನಿಶ್ಶಬ್ದ, ನದಿಯ ಮೇಲಿನ ಬೆಳಕು, ಬರಿಗಾಲಿಗೆ ತಾಗುವ ನೆಲ, ಇವನ್ನು ಇಷ್ಟು ಹಿತವಾಗಿ ಬರೆದವರು ಕಡಮೆ. ಫಿಂತಾನ್ ಗೆದ್ದಲಿನ ಹುತ್ತಗಳನ್ನು ಹೊಡೆದು ಕೆಡವಿದಾಗ ಗೆಳೆಯ ಬೋನಿ ಸಿಟ್ಟಾಗುವ ಸನ್ನಿವೇಶವಿದೆ. ಹುತ್ತಕ್ಕೆ ಹಾಲೆರೆಯುವ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಜಿಲ್ಲಾಧಿಕಾರಿಯ ಈಜುಕೊಳಕ್ಕಾಗಿ ಸರಪಳಿ ತೊಟ್ಟ ಕೈದಿಗಳು ನೆಲ ಅಗೆಯುವುದನ್ನು ಕಂಡು ಹುಡುಗನ ತಾಯಿ ಸಹಿಸಲಾರದೆ ಮಾತಾಡುವ ಭಾಗವಂತೂ ಕಾದಂಬರಿಯ ಜೀವ.

ಆದರೂ ಪುಸ್ತಕ ಮುಚ್ಚಿದ ಮೇಲೆ, ಒನಿಚಾ ಎಲ್ಲಿ ಎಂದು ಕೇಳಿಕೊಳ್ಳುವಂತಾಗುತ್ತದೆ. ಅಲ್ಲಿ ನದಿಯಿದೆ, ಮಳೆಯಿದೆ, ಬಿಳಿಯರ ಕ್ಲಬ್ಬಿದೆ. ಪೇಟೆ ಮಾತ್ರ ದೂರದಲ್ಲಿ ಎಲ್ಲೋ ಗುಂಯ್‌ಗುಡುತ್ತದೆ. ಪಶ್ಚಿಮ ಆಫ್ರಿಕದ ಅತಿ ಗದ್ದಲದ ಸಂತೆಯ ಊರಿನಲ್ಲಿ ಲೇಖಕರು ಕಥೆಯ ನಡುವೆ ತಂದು ನಿಲ್ಲಿಸಿರುವ ಆಫ್ರಿಕದ ಹೆಣ್ಣು ಓಯಾ; ಆಕೆ ಮೂಗಿ. ಇದೇನು ಆಕಸ್ಮಿಕವೆ? ಚೌಕಾಸಿಯೇ ಜೀವನವಾಗಿರುವ ಊರಿಗೆ ಮಾತಿಲ್ಲದವಳನ್ನು ಪ್ರತಿಮೆಯಾಗಿ ಮಾಡಿದರೆ, ಆ ಊರು ಬಾಯಿ ತೆರೆಯುವ ಮುನ್ನವೇ ಪುರಾಣವಾಗಿಬಿಡುತ್ತದೆ. ಲೇಖಕರು ಹುಡುಗನಾಗಿದ್ದಾಗ ನೈಜೀರಿಯಕ್ಕೆ ಹೋದದ್ದು ನಿಜ. ಆದರೆ ವೈದ್ಯರಾಗಿದ್ದ ತಂದೆಯ ಜೊತೆಯಲ್ಲಿ ಅವರು ಇದ್ದುದು ಓಗೋಜಾದಲ್ಲಿ, ಪೇಟೆಯ ಗಲಾಟೆಯಿಂದ ಬಹು ದೂರದಲ್ಲಿ. ಓಗೋಜಾದ ಮೌನವನ್ನು ತಂದು ಒನಿಚಾದ ಮೇಲೆ ಹೊದಿಸಿದ್ದಾರೆಂದು ನನಗೆ ತೋರುತ್ತದೆ. ಕಾದಂಬರಿಕಾರನಿಗೆ ಆ ಸ್ವಾತಂತ್ರ್ಯವಿದೆ, ಒಪ್ಪೋಣ. ಹೆಸರು ಮಾತ್ರ ಸಾಲ ತಂದದ್ದು.

ಅಚಿಬೆಯವರ ‘ಚಿಕೆ ಮತ್ತು ನದಿ’ 1966ರದು. ಅವರ ಹುಟ್ಟೂರು ಒಗಿಡಿ, ಒನಿಚಾದಿಂದ ಕೆಲವೇ ಮೈಲಿ. ಹನ್ನೊಂದು ವರ್ಷದ ಚಿಕೆ, ತಂದೆಯಿಲ್ಲದ ಹುಡುಗ, ಹಳ್ಳಿಯಿಂದ ಒನಿಚಾಕ್ಕೆ ಚಿಕ್ಕಪ್ಪನ ಮನೆಗೆ ಓದಲು ಬರುತ್ತಾನೆ. ನದಿಯ ಹತ್ತಿರ ಹೋಗಬೇಡವೆಂದು ತಾಯಿ ಎಚ್ಚರಿಕೆ ಹೇಳಿ ಕಳಿಸಿದ್ದಾಳೆ. ಹುಡುಗನಿಗೆ ಇರುವ ಆಸೆಯೋ ಒಂದೇ, ಫೆರಿ ಹತ್ತಿ ನದಿ ದಾಟಿ ಅಸಾಬಾ ನೋಡಿ ಬರಬೇಕು. ಅದಕ್ಕೆ ಹೋಗಲು ಆರು ಪೆನ್ಸು, ಬರಲು ಆರು ಪೆನ್ಸು. ಅಷ್ಟು ಹಣ ಅವನಲ್ಲಿಲ್ಲ. ಕಥೆಯೆಲ್ಲ ಈ ಒಂದು ಶಿಲಿಂಗಿನ ಸುತ್ತ ತಿರುಗುತ್ತದೆ. ಹಣವನ್ನು ಇಮ್ಮಡಿ ಮಾಡಿಕೊಡುವೆನೆಂದು ನಂಬಿಸುವ ‘ಪ್ರೊಫೆಸರ್ ಚಾಂಡಸ್’ ಎಂಬ ಮಾಟಗಾರನೊಬ್ಬ ಬರುತ್ತಾನೆ. ಹೆಸರು ಕೇಳಿದರೆ ನಮ್ಮ ಕಡೆಯ ವಾಸನೆ ಬರುತ್ತದಲ್ಲ, ಪೂರ್ವದೇಶದ ಮಾಯಾವಿದ್ಯೆಗೆ ಅಲ್ಲಿಯೂ ಗಿರಾಕಿಗಳಿದ್ದರೆಂದು ಕಾಣುತ್ತದೆ. ಕೊನೆಗೆ ಹುಡುಗ ಕಾರು ತೊಳೆದು ಕಾಸು ಮಾಡಿಕೊಂಡು ದಾಟುತ್ತಾನೆ.

ಲೆ ಕ್ಲೆಜಿಯೊ ಅವರ ನದಿಗೆ ಸಾವಿರಾರು ವರ್ಷಗಳ ನೆನಪಿದೆ. ಅಚಿಬೆಯವರ ನದಿಗೆ ಆರು ಪೆನ್ಸಿನ ಬೆಲೆಯಿದೆ. ಪೇಟೆಯ ಊರಿನಲ್ಲಿ ನಿಸರ್ಗವೂ ದರ ಕಟ್ಟಿಸಿಕೊಂಡೇ ಎದುರಿಗೆ ಬರುತ್ತದೆಂಬುದನ್ನು, ಮಕ್ಕಳ ಕಥೆಯೆಂಬ ನೆವದಲ್ಲಿ, ಅಚಿಬೆ ಎಷ್ಟು ಸರಳವಾಗಿ ಹೇಳಿಬಿಟ್ಟಿದ್ದಾರೆ! ಒಂದೇ ಮನೆಯಲ್ಲಿ ಕೋಣೆಗೊಂದರಂತೆ ಸಂಸಾರಗಳು, ಹಳ್ಳಿಯ ಹುಡುಗನಿಗೆ ಅಂಟುವ ಅಡ್ಡಹೆಸರು, ಪರದೇಶದ ಹುಡುಗರಿಗೆ ಪತ್ರ ಬರೆದು ಹಣ ಕೇಳುವ ಸಹಪಾಠಿ, ಇವೆಲ್ಲ ಒಂದೊಂದು ಗೆರೆಯಲ್ಲಿ ಮೂಡಿವೆ. ಕೊನೆಯ ಭಾಗ ಅಷ್ಟು ಚೆನ್ನಾಗಿಲ್ಲ. ಕಳ್ಳರು ಸಿಕ್ಕಿಬೀಳುವುದು, ಹುಡುಗನಿಗೆ ಕೀರ್ತಿ ಮತ್ತು ವಿದ್ಯಾರ್ಥಿವೇತನ ಬರುವುದು, ಇದೆಲ್ಲ ಉಪಾಧ್ಯಾಯರು ತಿದ್ದಿಕೊಟ್ಟಂತಿದೆ. ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ನೈಜರ್ ಸೇತುವೆ ಕಟ್ಟಿ ಮುಗಿದಿತ್ತು; ಚಿಕೆಯ ಆಸೆಗೆ ಆಧಾರವಾಗಿದ್ದ ಫೆರಿಯ ಜಗತ್ತು ಆಗಲೇ ಹಳತಾಗತೊಡಗಿತ್ತು.

ಮೂರನೆಯ ರಾಶಿಗೆ ವಿದ್ವಾಂಸರು ‘ಒನಿಚಾ ಮಾರುಕಟ್ಟೆ ಸಾಹಿತ್ಯ’ ಎಂದು ಹೆಸರಿಟ್ಟಿದ್ದಾರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಸುಮಾರು 1947ರಿಂದ, ಇಪ್ಪತ್ತು ವರ್ಷ ಈ ಬೆಳೆ ಹುಲುಸಾಗಿ ಬಂದಿತು. ಶಾಲೆಗಳು ಹೆಚ್ಚಿದ್ದುವು, ಐದಾರು ತರಗತಿ ಇಂಗ್ಲಿಷ್ ಓದಿದ ಅಂಗಡಿ ಹುಡುಗರು, ಗುಮಾಸ್ತರು, ಲಾರಿ ಚಾಲಕರು, ದರ್ಜಿಗಳು ಪೇಟೆ ತುಂಬ ಇದ್ದರು, ಕೈಯಿಂದ ತಿರುಗಿಸುವ ಹಳೆಯ ಅಚ್ಚುಯಂತ್ರಗಳಿದ್ದುವು. ಸಿಪ್ರಿಯನ್ ಎಕ್ವೆನ್ಸಿಯವರಂಥ ಮುಂದೆ ಹೆಸರಾದ ಕಾದಂಬರಿಕಾರರೂ ತಮ್ಮ ಮೊದಲ ಕಿರುಹೊತ್ತಗೆಗಳನ್ನು ಇಲ್ಲಿಯೇ ಅಚ್ಚುಹಾಕಿಸಿದರು. ಭಾರತದಲ್ಲಿ ತರಬೇತಿ ಪಡೆದು ಬರ್ಮಾದಲ್ಲಿ ಕಾದಿದ ನೈಜೀರಿಯದ ಸೈನಿಕರು ಹಿಂದಿರುಗುವಾಗ ಇಲ್ಲಿಯ ಅಗ್ಗದ ಪುಸ್ತಕಗಳನ್ನು ಚೀಲದಲ್ಲಿ ಒಯ್ದರೆಂದೂ ಅವೇ ಈ ಹೊತ್ತಗೆಗಳಿಗೆ ಮೇಲ್ಪಂಕ್ತಿಯಾದುವೆಂದೂ ಹೇಳುವುದುಂಟು. ಯಾವ ಪುಸ್ತಕಗಳೋ, ಹೆಸರು ತಿಳಿದಿದ್ದರೆ ಚೆನ್ನಾಗಿತ್ತು.

ಈ ಹೊತ್ತಗೆಗಳ ವಿಷಯಗಳೇ ಒಂದು ಸಂತೆ. ಪ್ರೇಮಪತ್ರ ಬರೆಯುವುದು ಹೇಗೆ, ಹಣ ಕೂಡಿಸುವುದು ಹೇಗೆ, ಕುಡುಕರಿಗೆ ಬುದ್ಧಿ, ಹೆಂಗಸರ ಬಗ್ಗೆ ಎಚ್ಚರಿಕೆ, ಗಾದೆಗಳ ಸಂಗ್ರಹ, ನಾಟಕ. 1961ರಲ್ಲಿ ಕಾಂಗೋದ ಲುಮುಂಬಾ ಅವರ ಕೊಲೆಯಾದ ಮೇಲೆ ಆ ವೀರನ ಕೊನೆಯ ದಿನಗಳ ಮೇಲೆ ಪುಸ್ತಕಗಳು ಬಂದುವು. ಲೇಖಕರ ಬಿರುದುಗಳೂ ರಮ್ಯ: ಒಬ್ಬ ‘ಸ್ಪೀಡಿ ಎರಿಕ್’, ಇನ್ನೊಬ್ಬ ‘ಲೇಖನಿಯ ಬಲಭೀಮ’. ಕೆಲವೊಮ್ಮೆ ಹಸ್ತಪ್ರತಿಯನ್ನು ಕೊಂಡ ಪ್ರಕಾಶಕನ ಹೆಸರೇ ಕರ್ತೃವಿನ ಹೆಸರಾಗಿ ಅಚ್ಚಾಗುತ್ತಿತ್ತು. ಅಕ್ಷರದ ಮೊಳೆಗಳು ಒಂದೊಂದು ಅಳತೆಯವು. ಕಾಗುಣಿತದ ತಪ್ಪಿಲ್ಲದ ಪುಟ ಅಪರೂಪ. ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಪುಸ್ತಕಭಂಡಾರ ಇಂಥ ಕೆಲವನ್ನು ಕಾಪಾಡಿ, ಕುಳಿತಲ್ಲಿಯೇ ಓದುವಂತೆ ಅಂತರಜಾಲದಲ್ಲಿ ಇಟ್ಟಿದೆ. ಇಮ್ಯಾನ್ಯುಯೆಲ್ ಒಬಿಯೆಚಿನಾ ಅವರು 1973ರಲ್ಲಿ ಇವುಗಳ ಮೇಲೆ ಒಳ್ಳೆಯ ಗ್ರಂಥವೊಂದನ್ನು ಬರೆದರು.

ಇವುಗಳಲ್ಲಿ ನಿಸರ್ಗವರ್ಣನೆ ಹುಡುಕಬಾರದು. ನದಿಯ ದಡದಲ್ಲಿ ಕುಳಿತು ಬರೆದವರಿಗೆ ನದಿ ಹೇಗಿದೆಯೆಂದು ಬರೆಯಬೇಕೆನ್ನಿಸಲಿಲ್ಲ. ಓದುವವನೂ ಅದರ ನೀರನ್ನೇ ಕುಡಿಯುತ್ತಿದ್ದ. ಹಾಗಾದರೆ ಊರು ಎಲ್ಲಿದೆ? ಮಾತಿನಲ್ಲಿದೆ. ಓಗಾಲಿ ಎ. ಓಗಾಲಿಯವರ ‘ವೆರೋನಿಕಾ ನನ್ನ ಮಗಳು’ ಎಂಬ ನಾಟಕವನ್ನು ತೆಗೆದುಕೊಳ್ಳಿ. 1956ರಲ್ಲಿ ಬಂದ ಇದು ಸಾವಿರಗಟ್ಟಲೆ ಮಾರಾಟವಾಯಿತು. ಕಥೆ ಹೊಸದೇನೂ ಅಲ್ಲ. ಶಾಲೆ ಕಲಿತ ಮಗಳು ಮೈಕ್ ಎಂಬ ತರುಣನನ್ನು ಒಲಿದಿದ್ದಾಳೆ. ತಂದೆ ಚೀಫ್ ಜೋಂಬೊ ಹಣವಂತನಾದ ಚೀಫ್ ಬಾಸ್ಸಿಗೆ ಕೊಡಬೇಕೆಂದು ಹಟ ಹಿಡಿದಿದ್ದಾನೆ. ತಾಯಿ ಮಗಳ ಕಡೆ. ಕಡೆಗೆ ಒಲವೇ ಗೆಲ್ಲುತ್ತದೆ. ಆದರೆ ನಾಟಕ ನಡೆಯುವುದು ಕಥೆಯ ಬಲದಿಂದಲ್ಲ, ಇಂಗ್ಲಿಷಿನ ಬಲದಿಂದ. ತಂದೆ ಆಡುವುದು ಪಿಜಿನ್, ಅಂದರೆ ಬೇರೆ ಬೇರೆ ಭಾಷೆಯವರು ವ್ಯವಹಾರಕ್ಕೆಂದು ಹುರಿಗೊಳಿಸಿಕೊಂಡ ಪೇಟೆಯ ಇಂಗ್ಲಿಷು. ಮಗಳು ಆಡುವುದು ಶಾಲೆಯ ಶುದ್ಧ ಇಂಗ್ಲಿಷು. ತಂದೆಯ ಬಾಯಿ ಮುಚ್ಚಿಸಲೆಂದೇ ಬಾಂಬರ್ ಬಿಲ್ಲಿ ಎಂಬ ಒಬ್ಬ ಪ್ರಚಂಡನನ್ನು ಕರೆತರುತ್ತಾರೆ. ಅವನು ನಿಘಂಟಿನಿಂದ ಕಿತ್ತುತಂದ ಗುಂಡುಕಲ್ಲಿನಂಥ ಪದಗಳನ್ನು ಒಂದರ ಮೇಲೊಂದು ಎಸೆಯುತ್ತಾನೆ. ಅವುಗಳ ಅರ್ಥ ಯಾರಿಗೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಪೇಟೆಯ ಓದುಗ ಇಲ್ಲಿ ಬಿದ್ದು ಬಿದ್ದು ನಕ್ಕಿರಬೇಕು. ಯಾರನ್ನು ನೋಡಿ? ತಂದೆಯನ್ನೆಂದು ಮೇಲುನೋಟಕ್ಕೆ ತೋರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಎರಡನೆಯ ಓದಿಗೆ ನಗು ಗಂಟಲಲ್ಲಿ ನಿಂತಿತು. ಈ ಜೋಂಬೊ ತನ್ನ ಮನೆಯಲ್ಲಿ, ತನ್ನ ಸ್ವಂತ ಮಗಳ ಎದುರಿಗೆ, ಎರವಲು ಭಾಷೆಯಲ್ಲಿ ಅಧಿಕಾರ ನಡೆಸಬೇಕಾದ ಮನುಷ್ಯ. ಮಾತಾಡಿದಷ್ಟೂ ಅವನ ಅಧಿಕಾರ ಸೋರಿಹೋಗುತ್ತದೆ. ಮಾತೃಭಾಷೆಯಲ್ಲಿ ಆತ ಗಂಭೀರನೂ ಗಾದೆಗಳಲ್ಲಿ ನಿಪುಣನೂ ಆಗಿರಬಹುದಾಗಿತ್ತು. ಅಚಿಬೆಯವರ ಕಾದಂಬರಿಗಳ ಹಿರಿಯರು ಹಾಗೆಯೇ ಇದ್ದಾರೆ. ಪೇಟೆಯಲ್ಲಿ ಆ ಗಾಂಭೀರ್ಯಕ್ಕೆ ಚಲಾವಣೆಯಿಲ್ಲ. ಬಹುಜನಗಳ ಊರು ಎಂದರೇನು, ಅಲ್ಲಿ ಹಿರಿಯನೊಬ್ಬ ಏನನ್ನು ಕಳೆದುಕೊಳ್ಳುತ್ತಾನೆ, ಕಿರಿಯಳೊಬ್ಬಳು ಏನನ್ನು ಗಳಿಸುತ್ತಾಳೆ ಎಂಬುದನ್ನು ಇಷ್ಟು ನೇರವಾಗಿ ಲೆ ಕ್ಲೆಜಿಯೊ ಅವರ ಯಾವ ಪುಟವೂ ನನಗೆ ತೋರಿಸಲಿಲ್ಲ. ಓಗಾಲಿಯವರು ಇದನ್ನೆಲ್ಲ ಉದ್ದೇಶಿಸಿ ಬರೆದರೆಂದು ನಾನು ಹೇಳುತ್ತಿಲ್ಲ. ಅವರು ನಗಿಸಲು ಬರೆದರು, ಕಿವಿ ಮಾತ್ರ ಸುಳ್ಳು ಹೇಳಲಿಲ್ಲ.

ಹೀಗೆಂದ ಮಾತ್ರಕ್ಕೆ ಈ ಹೊತ್ತಗೆಗಳನ್ನು ಮುದ್ದಿಸಬೇಕಾಗಿಲ್ಲ. ವಿದೇಶದ ಸಂಗ್ರಾಹಕರಲ್ಲಿ ಕೆಲವರು ಇವುಗಳ ತಪ್ಪು ಇಂಗ್ಲಿಷನ್ನೇ ಒಂದು ಚೆಲುವೆಂದು ಚಪ್ಪರಿಸುವುದುಂಟು. ಅದು ತಿರಸ್ಕಾರದ ಇನ್ನೊಂದು ಮುಖ. ಕೆಟ್ಟದ್ದನ್ನು ಕೆಟ್ಟದ್ದೆನ್ನುವುದೇ ಇವುಗಳಿಗೆ ತೋರುವ ಮರ್ಯಾದೆ. ಹೆಂಗಸರ ವಿಷಯದಲ್ಲಿ ಇವುಗಳದು ಬಹುಮಟ್ಟಿಗೆ ಹೆದರಿದ ಗಂಡಸಿನ ದನಿ. ವೆರೋನಿಕಾಳಂಥವಳು ಗೆದ್ದರೆ, ಸ್ಪೀಡಿ ಎರಿಕ್‌ನ ಮೇಬಲ್‌ನಂಥವಳು ಮೊದಲು ಓದುಗನನ್ನು ರಂಜಿಸಿ, ಕೊನೆಗೆ ಅವನ ನೀತಿಪಾಠಕ್ಕಾಗಿ ಸಾಯಬೇಕಾಗುತ್ತದೆ. ಪೇಟೆಯನ್ನೇ ಕಟ್ಟಿ ಆಳಿದ ಓಮು ಒಕ್ವೆಯಿಯಂಥ ಹೆಣ್ಣು, ನಾನು ಓದಿದ ಹೊತ್ತಗೆಗಳಲ್ಲಿ, ಒಂದೆಡೆಯಲ್ಲೂ ಇಲ್ಲ.

ಇನ್ನೂ ದೊಡ್ಡ ಕೊರತೆಯೊಂದಿದೆ. ಪಕ್ಕದ ಅಂಗಡಿಯ ಹೌಸಾ ವ್ಯಾಪಾರಿ, ದೋಣಿಯ ಇಗಾಲಾ, ಯೊರುಬಾ ಬಟ್ಟೆಯವಳು ಇವರು ಈ ಪುಟಗಳಲ್ಲಿ ಬಾಯಿ ತೆರೆದದ್ದನ್ನು ನಾನು ಕಾಣಲಿಲ್ಲ. ಚೀಫ್ ಬಾಸ್ಸಿಯ ಹೆಸರು ಕಲಬಾರ್ ಕಡೆಯ ಎಫಿಕ್ ಜನರದು. ಬೇಡದ ವರನಿಗೆ ನೆರೆಯವರ ಹೆಸರು ಸುಲಭವಾಗಿ ಒದಗಿಬಂದಿದೆ. ಎಲ್ಲರಿಗೂ ಸಲ್ಲುವ ಭಾಷೆ ಸಿಕ್ಕಿತು; ಆ ಭಾಷೆಯಲ್ಲಿ ಎಲ್ಲರೂ ಮಾತಾಡಲಿಲ್ಲ. ಇದನ್ನು ಸಣ್ಣ ಆಕ್ಷೇಪಣೆಯೆಂದು ತಳ್ಳಿಹಾಕಲು ಮುಂದಿನ ಚರಿತ್ರೆ ಬಿಡುವುದಿಲ್ಲ. 1966ರಲ್ಲಿ ಉತ್ತರದ ಊರುಗಳಲ್ಲಿ ಇಗ್ಬೊ ಜನರ ಕೊಲೆಗಳಾದುವು; ಪೂರ್ವದಲ್ಲಿದ್ದ ಹೌಸಾ ಜನರೂ ಅಂಗಡಿ ಮುಚ್ಚಿ ಊರು ಬಿಡಬೇಕಾಯಿತು. 1967ರ ಮೇಯಲ್ಲಿ ಬಿಯಾಫ್ರಾ ಬೇರೆಯಾಯಿತು. ಹೊಸ ಸೇತುವೆಯನ್ನು ಬಿಯಾಫ್ರಾದವರೇ ಸಿಡಿಸಿದರು. ಅಕ್ಟೋಬರಿನಲ್ಲಿ ಅಸಾಬಾದಲ್ಲಿ ಸರ್ಕಾರದ ಸೈನಿಕರಿಂದ ನಿರಾಯುಧರ ಸಾಮೂಹಿಕ ಹತ್ಯೆ ನಡೆಯಿತು. ಕದನದಲ್ಲಿ ಒನಿಚಾದ ದೊಡ್ಡ ಮಾರುಕಟ್ಟೆ ಸುಟ್ಟುಹೋಯಿತು. ಅದರೊಡನೆ ಅಚ್ಚುಮನೆಗಳು, ಹೊತ್ತಗೆಗಳ ಕಟ್ಟುಗಳು ಎಲ್ಲ ಹೋದುವು. 1970ರ ಜನವರಿಯಲ್ಲಿ ಯುದ್ಧ ಮುಗಿದ ಮೇಲೆ ಪೇಟೆ ಮತ್ತೆ ಎದ್ದಿತು, ಮೊದಲಿಗಿಂತ ದೊಡ್ಡದಾಗಿಯೇ. ಹೊತ್ತಗೆಗಳು ಆ ಹುರುಪಿನಿಂದ ಮತ್ತೆ ಬರಲಿಲ್ಲ. 2023ರಲ್ಲಿ ನದಿಗೆ ಎರಡನೆಯ ಸೇತುವೆಯೂ ಬಂದಿದೆ.

‘ಚಿಕೆ’ಯನ್ನು ಕನ್ನಡಕ್ಕೆ ತರುವುದು ಕಷ್ಟವಲ್ಲ; ಒಳ್ಳೆಯ ಅನುವಾದಕರೊಬ್ಬರು ಬೇಸಗೆ ರಜೆಯಲ್ಲಿ ಮುಗಿಸಬಲ್ಲರು. ‘ವೆರೋನಿಕಾ’ಳನ್ನು ತರಲು ಹೊರಟವರು ಮೊದಲ ಪುಟದಲ್ಲೇ ನಿಲ್ಲಬೇಕಾಗುತ್ತದೆ. ಬಾಂಬರ್ ಬಿಲ್ಲಿಗೇನೋ ಸಂಸ್ಕೃತದ ದೊಡ್ಡ ಸಮಾಸಗಳನ್ನು ಕೊಟ್ಟು ಪಾರಾಗಬಹುದು, ಮಗಳಿಗೆ ಪಠ್ಯಪುಸ್ತಕದ ಕನ್ನಡ ಸಾಕು. ತಂದೆಗೆ ಏನು ಕೊಡುವುದು? ಯಾವುದೋ ಒಂದು ಜಿಲ್ಲೆಯ ಹಳ್ಳಿಯ ಮಾತನ್ನು ಅವನ ಬಾಯಿಗೆ ತುರುಕಿದರೆ ಅದು ತಪ್ಪಾಗುತ್ತದೆ. ಹಳ್ಳಿಯ ಮಾತು ಯಾರೋ ಒಬ್ಬರ ತಾಯಿಯ ಮಾತು, ಜೋಂಬೊ ಆಡುವುದು ಯಾರ ತಾಯಿಯೂ ಆಡದ ಮಾತು.